ಮಾಸು

ಚುಚ್ಚಿದ್ದು ತೊರಕೆಯ ಮುಳ್ಳು,
ದಕ್ಕೆಯಲ್ಲಿ, ಬೆಳಗಿನ ಏಲಂ ಗದ್ದಲದಲ್ಲಿ
ಯಾರೋ ಬುಟ್ಟಿ ಸುರಿಯುವಾಗ.
ಒಂದು ಚಿಟಿಕೆ ಅರಸಿನ ಒತ್ತಿ
ಕತ್ತಿಗೆ ಕೂತೆ. ಮೀನು ಕಾಯುವುದಿಲ್ಲವಲ್ಲ.

ಹದಿನೈದು ದಿನಕ್ಕೆ ಆಪರೇಷನ್.
ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದರು.
ಉಳಿದದ್ದು ಮೊಣಕಾಲ ಕೆಳಗೊಂದು ಗುಂಡಿ,
ಬಂಗುಡೆಯ ಹೊಟ್ಟೆ ಬಗೆದ ಹಾಗೆ, ಅಷ್ಟೇ ಕೆಂಪು.
ದಿನಕ್ಕೆ ಇನ್ನೂರು ಬಗೆಯುವವಳು ನಾನು
ನೋಡಲಾಗದೆ ಕಿಟಕಿಗೆ ತಿರುಗಿದೆ.

ಎರಡು ತಿಂಗಳಾದರೂ ಮುಚ್ಚಲಿಲ್ಲ.
ನಿಮಗೆ ಸಕ್ಕರೆ ಉಂಟಲ್ಲ, ಅಂದರು,
ನಾನೇ ಎಲ್ಲೋ ಕದ್ದಿಟ್ಟ ಹಾಗೆ.
ಗಾಯದ ಅಂಚು ಮಾತ್ರ ಬೆಳ್ಳಗೆ, ಗಟ್ಟಿ,
ಪಾಲು ಸಿಗದ ನೆಂಟರಂತೆ ಬಾಗಿಲಲ್ಲಿ ಕೂತು
ಒಳಗೂ ಬಾರದು, ಎದ್ದೂ ಹೋಗದು.

ಆಮೇಲೊಂದು ಗುರುವಾರ
ಡಾಕ್ಟರಮ್ಮ ಲಕೋಟೆ ಹರಿದರು.
ಒಳಗೆ ಪುಟ್ಟ ಚೌಕ,
ನೀರುಳ್ಳಿಯ ಒಳಪದರದಷ್ಟು ತೆಳು,
ಅದರಾಚೆ ಇಕ್ಕುಳದ ತುದಿ ಕಾಣುತ್ತದೆ.
ಎಂತದಿದು, ಅಂದೆ.
ಐರಿನ್ ಸಿಸ್ಟರ್ ಒಂದು ಗಳಿಗೆ ತಡೆದು,
“ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ಪೊರೆ.
ಯಾರೋ ಹೆತ್ತವಳು ಕೊಟ್ಟದ್ದು.
ಪರೀಕ್ಷೆ ಮಾಡಿ, ತೊಳೆದು, ಒಣಗಿಸಿ ಇಟ್ಟದ್ದು.
ಹೆದರಬೇಡಿ.”

ಹೆದರಲಿಲ್ಲ. ನಗು ಬಂತು.

ನನ್ನಮ್ಮ ಪೂವಕ್ಕ ಬೆಂಗ್ರೆಯ ಸೂಲಗಿತ್ತಿ.
ಅವಳು ಮಗು ಎತ್ತಿದರೆ ಮಾಸು ಎತ್ತುವುದು ನಾನು,
ಹತ್ತು ವರ್ಷದವಳು,
ಒಂದು ಕೈಯಲ್ಲಿ ಮಡಕೆ, ಒಂದರಲ್ಲಿ ಲಾಟೀನು.
ಮೊಣಕೈ ಮುಳುಗುವಷ್ಟು ಹೊಯಿಗೆ ತೋಡಬೇಕು.
ನಾಯಿ ಕೆದಕಬಾರದು, ತೆರೆ ಎಳೆಯಬಾರದು.
ಮುಚ್ಚಿ, ಮೇಲೊಂದು ಕಲ್ಲಿಟ್ಟು
ಹಿಂದೆ ತಿರುಗದೆ ಬಾ, ಅನ್ನುತ್ತಿದ್ದಳು.
ಎಷ್ಟು ಹುಗಿದೆನೋ! ಇನ್ನೂರೋ, ಜಾಸ್ತಿಯೋ.
ಮಗುವಿಗೆ ತೊಟ್ಟಿಲು ಕಟ್ಟಿದರು, ಹೆಸರಿಟ್ಟರು.
ಒಂಬತ್ತು ತಿಂಗಳು ಮನೆಯಾಗಿದ್ದದ್ದಕ್ಕೆ
ಗುಂಡಿ.
ಒಮ್ಮೆಯೂ ತಿರುಗಿ ನೋಡಲಿಲ್ಲ ನಾನು.

ಈಗ ಅದೇ ಹಿಂದಿನಿಂದ ಬಂದಿದೆ,
ತಾರೀಕು, ನಂಬರು ಅಚ್ಚಾದ ಲಕೋಟೆಯಲ್ಲಿ,
ನನ್ನ ಗುಂಡಿ ಹುಡುಕಿಕೊಂಡು.

ಗಾಯದ ಮೇಲೆ ಹಾಸಿದರು.
ಒದ್ದೆ ತಾಗಿದ್ದೇ ತಡ, ಅಂಟಿಕೊಂಡಿತು,
ಗುರುತು ಸಿಕ್ಕ ಹಾಗೆ.
“ಇದು ನಿಮ್ಮ ಚರ್ಮ ಆಗುವುದಿಲ್ಲ.
ನಾಲ್ಕು ದಿನ ಇದ್ದು ಕರಗುತ್ತದೆ.
ಮುಚ್ಚಿಕೊಳ್ಳುವುದು ನಿಮ್ಮ ಮೈಯೇ,” ಅಂದರು ಡಾಕ್ಟರಮ್ಮ.
ಗೊತ್ತುಂಟು, ಅಂದೆ ಮನಸ್ಸಲ್ಲಿ.
ಸೂಲಗಿತ್ತಿಯೂ ಹೆರುವುದಿಲ್ಲ.

ವಾರಕ್ಕೊಂದು ಚೌಕ.
ಕಡವು ದಾಟಿ, ಬಸ್ಸು ಹಿಡಿದು, ಚೀಟಿ ಮಾಡಿಸಿ.
ಮೊದಲ ವಾರ ಎಂತದೂ ಇಲ್ಲ.
ಎರಡಕ್ಕೆ ವಾಸನೆ ಹೋಯಿತು,
ಬಸ್ಸಲ್ಲಿ ಪಕ್ಕದವಳು ಸೀಟು ಬದಲಿಸಲಿಲ್ಲ.
ಮೂರಕ್ಕೆ ತಳದಲ್ಲಿ ಕೆಂಪು ಕಾಳು ಎದ್ದವು.
“ಹುಟ್ಟುತ್ತಾ ಉಂಟು,” ಅಂದಳು ಐರಿನ್.
ಆ ಹಟಮಾರಿ ಅಂಚುಗಳು
ಒಂದು ನೂಲು, ಮತ್ತೊಂದು ನೂಲು
ಒಳಗೆ ಸರಿದವು.

ಖರ್ಚು ಹೇಳದಿದ್ದರೆ ಸುಳ್ಳಾಗುತ್ತದೆ.
ನನ್ನ ಎರಡು ಬಳೆ ಬ್ಯಾಂಕಿನಲ್ಲಿ ಉಂಟು.
ಕೊಟ್ಟವಳಿಗೆ ಒಂದು ಕಾಸೂ ಇಲ್ಲವಂತೆ.
ಲಕೋಟೆಯಲ್ಲಿ ಅವಳ ಹೆಸರೂ ಇಲ್ಲ,
ಎರಡು ಸಲ ಮಗುಚಿ ನೋಡಿದೆ.
ಆ ಮಗು ಈಗ ನಡೆಯುತ್ತಿರಬಹುದು,
ಎಲ್ಲೋ ಅಂಗಳದಲ್ಲಿ ಬಿದ್ದು
ಮಂಡಿ ತರಚಿ ಅಳುತ್ತಿರಬಹುದು.
ಅದರ ಮೊದಲ ಅಂಗಿ
ತೊಟ್ಟವಳು ನಾನು, ಅರುವತ್ತೆರಡರ ಮುದುಕಿ.

ಕಲೆ ಇನ್ನೂ ಮಾಸಿಲ್ಲ.
ಮುಟ್ಟಿದರೆ ನುಣ್ಣಗೆ,
ನನ್ನ ಮೈಯಲ್ಲಿ ಅಷ್ಟು ಎಳೆಯದು ಬೇರೆ ಇಲ್ಲ.

ನಿನ್ನೆ ಬುಟ್ಟಿಯಿಲ್ಲದೆ
ಬೆಂಗ್ರೆಯ ಹೊಯಿಗೆಯಲ್ಲಿ ನಡೆದೆ.
ಆ ಕಲ್ಲುಗಳು ಈಗ ಎಲ್ಲಿ, ಎಲ್ಲ ಮನೆಗಳೇ.
ಒಮ್ಮೆ ನಿಂತು ತಿರುಗಿ ನೋಡಿದೆ.
ನನ್ನದೇ ಹೆಜ್ಜೆ.
ಎಡಗಾಲಿನದು ಸ್ವಲ್ಪ ಹಗುರ.